45 ಸೆಕೆಂಡಿನ ಕೇಳಿ

ಮಾಧ್ಯಮ ವಿಷಯ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ತಾವೇ ಕಟ್ಟಿದ ಒಂದು ಟಿವಿ ಧಾರಾವಾಹಿಗೆ ಟೈಟಲ್, ಅಂದರೆ ಸಂಚಿಕೆಯ ಶುರುವಿನಲ್ಲಿ ಸಂಗೀತ, ಹೆಸರುಗಳ ಜೊತೆ ಬರುವ ತುಣುಕು, ಮಾಡುವುದು ಅವರ ಈ ಸಲದ ಪ್ರಾಜೆಕ್ಟ್.

ಎಲ್ಲರಿಗೂ ನಮಸ್ಕಾರ.

ಕರಾವಳಿ, ಮಲೆನಾಡಿನ ಕಡೆಯವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಸರಿ, ನಿಮಗೆ ಇದು ಗೊತ್ತಿರುತ್ತದೆ. ಯಕ್ಷಗಾನದ ಆಟ ಇರುವ ದಿನ, ವೇಷದವರು ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುವಾಗಲೇ ಚೆಂಡೆ, ಮದ್ದಳೆಯ ಸದ್ದು ಶುರುವಾಗುತ್ತದೆ. ಅದಕ್ಕೆ ‘ಕೇಳಿ’ ಬಾರಿಸುವುದು ಎನ್ನುತ್ತಾರೆ. ಆ ಸದ್ದಿನಲ್ಲಿ ಕಥೆ ಇಲ್ಲ. ಇವತ್ತು ಯಾವ ಪ್ರಸಂಗ, ಯಾರು ಗೆಲ್ಲುತ್ತಾರೆ, ಯಾರು ಸಾಯುತ್ತಾರೆ ಅಂತ ಅದು ಹೇಳುವುದಿಲ್ಲ. ಗದ್ದೆಯ ಆಚೆ ಮನೆಯಲ್ಲಿ ಊಟಕ್ಕೆ ಕೂತವರ ಕಿವಿಗೆ ಬಿದ್ದರೆ ಸಾಕು. ಅವರು ಬೇಗ ಬೇಗ ಉಂಡು ಕೈ ತೊಳೆದು ಹೊರಡುತ್ತಾರೆ.

ಟೈಟಲ್ ಎಂದರೆ ನನ್ನ ಮಟ್ಟಿಗೆ ಅದೇ, ‘ಕೇಳಿ’. ಕಥೆ ಹೇಳುವುದು ಅದರ ಕೆಲಸ ಅಲ್ಲ, ಕರೆಯುವುದು ಅದರ ಕೆಲಸ. ಇವತ್ತು ನಾನು ಏನೇ ಮಾತಾಡಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ.

1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬಂತು. ಆರ್.ಕೆ. ನಾರಾಯಣ್ ಕಥೆಗಳು, ಶಂಕರ್ ನಾಗ್ ನಿರ್ದೇಶನ, ಆಗುಂಬೆಯಲ್ಲಿ ಚಿತ್ರೀಕರಣ. ಎಲ್. ವೈದ್ಯನಾಥನ್ ಅವರ ಆ ‘ತಾನ ನಾನಾ’ ರಾಗ ಶುರುವಾದರೆ ನಾವು ಬೀದಿಯಲ್ಲಿ ಆಡುತ್ತಿದ್ದ ಹುಡುಗರು ಬ್ಯಾಟು ಬಿಸಾಕಿ ಓಡುತ್ತಿದ್ದೆವು. ನಿಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಈಗ ನಾನು ಗುನುಗಿದ ತಕ್ಷಣ ಅರ್ಧ ಸಭಾಂಗಣ ಜೊತೆಗೆ ಗುನುಗಿತು, ಅಲ್ವಾ?

ಆ ಟೈಟಲಿನಲ್ಲಿ ಏನಿತ್ತು? ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ಗೆರೆ ಚಿತ್ರಗಳು, ಆ ರಾಗ. ಅಷ್ಟೇ. ಅದಕ್ಕೊಂದು ಕಾರಣವೂ ಇತ್ತು. ಒಂದು ವಾರ ಸ್ವಾಮಿ ಎಂಬ ಹುಡುಗನ ಕಥೆ, ಇನ್ನೊಂದು ವಾರ ಬೇರೆ ಯಾರದೋ. ಎಲ್ಲ ಕಥೆಗೂ ಹೊಂದುವಂಥ ಸಂಗತಿ ಒಂದೇ: ಮಾಲ್ಗುಡಿ ಎಂಬ ಆ ಊರು. ಹಾಗಾಗಿ ಟೈಟಲ್ ಊರನ್ನು ಹಿಡಿಯಿತು, ಕಥೆಯನ್ನು ಬಿಟ್ಟಿತು. ನಲವತ್ತು ವರ್ಷ ಆಗುತ್ತಾ ಬಂದರೂ ಅದು ನಮ್ಮ ಕಿವಿಯಲ್ಲಿ ಇದೆ.

ನಿಮ್ಮ ಮೇಡಂ ನಿಮ್ಮ ಸ್ಟೋರಿಬೋರ್ಡುಗಳನ್ನು, ಅಂದರೆ ಒಂದೊಂದು ಶಾಟನ್ನೂ ಚಿತ್ರ ಬರೆದು ಜೋಡಿಸಿದ ಹಾಳೆಗಳನ್ನು, ನನಗೆ ಮೊದಲೇ ಕಳಿಸಿದ್ದರು. ಒಂದೊಂದನ್ನೂ ಕೂತು ನೋಡಿದ್ದೇನೆ. ಬಹಳಷ್ಟರಲ್ಲಿ ಮೊದಲ ಶಾಟ್ ಡ್ರೋನಿನದು. ಆಮೇಲೆ ನಾಯಕಿ ತಿರುಗಿ ನಗುತ್ತಾಳೆ. ಆಮೇಲೆ ಒಂದು ಜಗಳ, ಒಂದು ಕಣ್ಣೀರು, ಒಂದು ಕಪಾಳಕ್ಕೆ ಏಟು, ಕೊನೆಗೆ ಎಲ್ಲರೂ ಸಾಲಾಗಿ ನಿಂತ ಫೋಟೋ. ಇದು ಟೈಟಲ್ ಅಲ್ಲ, ಟ್ರೈಲರ್.

ಟ್ರೈಲರ್ ನೋಡುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಟೈಟಲ್ ಹಾಗಲ್ಲ. ವಾರಕ್ಕೆ ಐದು ದಿನ ಬರುವ ಧಾರಾವಾಹಿ ಒಂದು ವರ್ಷ ಓಡಿದರೆ ಅದೇ ಟೈಟಲನ್ನು ಒಬ್ಬ ಅಜ್ಜಿ ಇನ್ನೂರೈವತ್ತು ಸಲ ನೋಡುತ್ತಾರೆ. ಮೂರನೇ ದಿನಕ್ಕೆ ಆ ಕಪಾಳದ ಏಟು ಸವೆದುಹೋಗಿರುತ್ತದೆ. ಇನ್ನೂರೈವತ್ತು ಸಲ ನೋಡಿದರೂ ಸವೆಯದೇ ಇರುವುದು ಏನು? ತಾಳ ಸವೆಯುವುದಿಲ್ಲ. ಒಂದು ವಸ್ತುವಿನ ಮೈ, ಅದರ ಮೇಲೆ ಬಿದ್ದ ಬೆಳಕು ಸವೆಯುವುದಿಲ್ಲ. ನೀವು ಪ್ಲಾನ್ ಮಾಡಬೇಕಾದ್ದು ಅದನ್ನು.

ಈಗ ನಿಮಗೆ ತೋರಿಸಿದ ‘ಡೆಕ್ಸ್ಟರ್’ ಟೈಟಲನ್ನೇ ತಗೊಳ್ಳಿ. ಅಮೆರಿಕದ ಧಾರಾವಾಹಿ, 2006ರದ್ದು. ಹಗಲು ಪೊಲೀಸರ ಪ್ರಯೋಗಾಲಯದಲ್ಲಿ ರಕ್ತದ ಕಲೆಗಳನ್ನು ಪರೀಕ್ಷಿಸುವವನು, ರಾತ್ರಿ ಕೊಲೆಗಾರ. ಡಿಜಿಟಲ್ ಕಿಚನ್ ಎಂಬ ಸ್ಟುಡಿಯೋ ಮಾಡಿದ ಟೈಟಲ್ ಇದು. 2007ರಲ್ಲಿ ಇದಕ್ಕೆ ಎಮ್ಮಿ ಪ್ರಶಸ್ತಿ ಬಂತು. ಇದರಲ್ಲಿ ಒಂದಾದರೂ ಕೊಲೆ ಇದೆಯಾ? ಇಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುತ್ತಾನೆ. ಇಷ್ಟೇ ಇರುವುದು.

ಕೈ ಮೇಲೆ ಕೂತ ಸೊಳ್ಳೆಗೆ ಹೊಡೆಯುತ್ತಾನೆ. ಗಡ್ಡ ಬೋಳಿಸುವಾಗ ಸ್ವಲ್ಪ ಗಾಯವಾಗುತ್ತದೆ, ಬಿಳಿ ಸಿಂಕಿನಲ್ಲಿ ಒಂದು ಹನಿ ರಕ್ತ. ಮಾಂಸದ ಪ್ಯಾಕೆಟ್ ಕತ್ತರಿಸುತ್ತಾನೆ. ಮೊಟ್ಟೆ ಬೇಯುತ್ತದೆ, ಅದರ ಮೇಲೆ ಕೆಂಪು ಸಾಸ್ ಚಿಮ್ಮುತ್ತದೆ. ಕಾಫಿ ಬೀಜ ಪುಡಿಯಾಗುತ್ತದೆ. ಕೆಂಪು ತಿರುಳಿನ ಕಿತ್ತಳೆಯನ್ನು ಹಿಂಡುತ್ತಾನೆ. ಹಲ್ಲು ಶುಚಿ ಮಾಡುವ ದಾರವನ್ನು ಬೆರಳಿಗೆ ಸುತ್ತಿ ಎಳೆಯುತ್ತಾನೆ, ಬೆರಳಿನ ತುದಿ ಕೆಂಪಾಗುತ್ತದೆ. ಶೂ ಲೇಸ್ ಬಿಗಿಯುತ್ತಾನೆ. ಟೀ ಶರ್ಟ್ ತಲೆಗೆ ಹಾಕಿಕೊಳ್ಳುವಾಗ ಬಟ್ಟೆ ಒಂದು ಕ್ಷಣ ಮುಖಕ್ಕೆ ಅಂಟುತ್ತದೆ, ಉಸಿರು ಕಟ್ಟಿದ ಹಾಗೆ. ಬಾಗಿಲು ಎಳೆದುಕೊಂಡು ಹೊರಟುಹೋಗುತ್ತಾನೆ.

ದಾರವನ್ನು ಬೆರಳಿಗೆ ಸುತ್ತುವ ಆ ಶಾಟಿಗೆ ಯಾಕೆ ಹೊಟ್ಟೆಯಲ್ಲಿ ಏನೋ ಆಗುತ್ತದೆ? ಕ್ಯಾಮೆರಾ ತೀರಾ ಹತ್ತಿರ ಇದೆ. ಅಷ್ಟು ಹತ್ತಿರದಿಂದ ನೋಡಿದಾಗ ದಾರ ದಾರವಾಗಿ ಉಳಿಯುವುದಿಲ್ಲ, ಹಗ್ಗವಾಗುತ್ತದೆ. ಬೆರಳು ಕುತ್ತಿಗೆಯಾಗುತ್ತದೆ. ಯಾರೂ ಹೇಳಿಕೊಡದೇ ನಮ್ಮ ಮನಸ್ಸೇ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಇದಕ್ಕೆ ಡ್ರೋನ್ ಬೇಕಿಲ್ಲ. ಒಂದು ಮೇಜು, ಒಂದು ಕಿಟಕಿ ಬೆಳಕು, ತೀರಾ ಹತ್ತಿರದಿಂದ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್. ನಿಮ್ಮ ಫೋನಿಗೆ ಸಿಕ್ಕಿಸುವ ಚಿಕ್ಕ ಲೆನ್ಸ್ ಆದರೂ ನಡೆಯುತ್ತದೆ.

ನಿಮ್ಮಲ್ಲಿ ಒಂದು ಗುಂಪಿನ ಪ್ರಾಜೆಕ್ಟನ್ನೇ ಉದಾಹರಣೆಗೆ ತಗೊಳ್ಳುತ್ತೇನೆ. ಅವರ ಒಪ್ಪಿಗೆ ಕೇಳಿದ್ದೇನೆ. ಕಥೆ ಹೀಗಿದೆ: ಸಣ್ಣ ಊರಿನಲ್ಲಿ ಒಬ್ಬ ಟೈಲರ್ ತೀರಿಕೊಳ್ಳುತ್ತಾರೆ. ಮೂವರು ಮಕ್ಕಳು. ಇರುವುದು ಒಂದೇ ಅಂಗಡಿ. ಅದನ್ನು ಹಂಚಿಕೊಳ್ಳಲು ಹೊರಟಾಗ ಏನೇನಾಗುತ್ತದೆ ಅನ್ನುವುದು ಧಾರಾವಾಹಿ. ಹೆಸರು ‘ಅಳತೆ’. ಎಷ್ಟು ಚೆನ್ನಾಗಿದೆ ಹೆಸರು!

ಆದರೆ ಇವರ ಸ್ಟೋರಿಬೋರ್ಡಿನಲ್ಲೂ ಊರಿನ ಮೇಲೆ ಡ್ರೋನ್ ಹಾರಿತ್ತು. ನಾನು ಕೇಳಿದೆ: ಆ ಅಂಗಡಿಯ ಮೇಜಿನ ಮೇಲೆ ಏನೇನಿದೆ, ಹೇಳಿ. ಮೊದಲು ಸುಮ್ಮನಿದ್ದರು. ಆಮೇಲೆ ಒಬ್ಬಳು ಶುರು ಮಾಡಿದಳು. ಅವಳ ಸೋದರಮಾವ ಟೈಲರ್ ಅಂತೆ. ಕತ್ತರಿ, ಟೇಪು. ಸಾಬೂನಿನ ಬಿಲ್ಲೆ ಸವೆದ ಹಾಗಿರುವ ಟೈಲರ್ ಚಾಕ್. ದಾರ ಸುತ್ತಿದ ಬಾಬಿನ್. ಹಾರ್ಲಿಕ್ಸ್ ಬಾಟಲಿಯಲ್ಲಿ ಗುಂಡಿಗಳು. ಅಳತೆ ಬರೆಯುವ ಉದ್ದನೆಯ ಪುಸ್ತಕ, ಅದರಲ್ಲಿ ಪ್ರತಿ ಹೆಸರಿನ ಪಕ್ಕ ಪಿನ್ನು ಚುಚ್ಚಿದ ಬಟ್ಟೆಯ ತುಂಡು. ಕಾಜಾ ಹೊಲಿಯುವಾಗ ಮಾವ ನಾಲಿಗೆ ತುದಿಯಲ್ಲಿ ದಾರ ಒದ್ದೆ ಮಾಡಿಕೊಳ್ಳುವುದು. ಎರಡು ನಿಮಿಷದಲ್ಲಿ ಅವಳು ಪೂರ್ತಿ ಟೈಟಲನ್ನು ಹೇಳಿ ಮುಗಿಸಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ.

ಇದು ಹಂಚಿಕೆಯ ಕಥೆ. ಟೈಲರ್ ಅಂಗಡಿಯಲ್ಲಿ ದಿನಾ ನಡೆಯುವುದೂ ಅದೇ ತಾನೇ? ಒಂದು ಬಟ್ಟೆಯನ್ನು ಅಳೆದು, ಗೆರೆ ಹಾಕಿ, ಕತ್ತರಿಸುವುದು. ಹಾಗಾದರೆ ಮುಖಗಳೇ ಬೇಡ, ಕೈಗಳು ಸಾಕು. ಕಡು ನೀಲಿ ಬಟ್ಟೆಯ ಮೇಲೆ ಚಾಕ್ ಗೆರೆ ಎಳೆಯುತ್ತದೆ. ಅದರ ಬಿಳಿ ಪುಡಿ ನೇಯ್ಗೆಯ ಸಂದಿಯಲ್ಲಿ ಕೂರುತ್ತದೆ. ಕತ್ತರಿ ಗೆರೆಯ ಹಿಂದೆಯೇ ಬರುತ್ತದೆ.

ಕೊನೆಯಲ್ಲಿ ಧಾರಾವಾಹಿಯ ಹೆಸರು ಬರಬೇಕಲ್ಲ? ‘ಅಳತೆ’ ಎಂದರೆ ಮೂರು ಅಕ್ಷರ. ಮಕ್ಕಳೂ ಮೂವರು. ಚಾಕಿನಲ್ಲಿ ಬಟ್ಟೆಯ ಮೇಲೆ ಹೆಸರು ಬರೆಯಿರಿ. ಕತ್ತರಿ ಅಕ್ಷರಗಳ ನಡುವೆ ಹೋಗಲಿ. ಅ ಒಂದು ತುಂಡು, ಳ ಒಂದು ತುಂಡು, ತೆ ಒಂದು ತುಂಡು. ಒತ್ತಕ್ಷರ ಇಲ್ಲದ ಹೆಸರು ಇಟ್ಟಿದ್ದು ಈ ಗುಂಪಿನ ಪುಣ್ಯ.

ಆಗ ಒಬ್ಬ ಕೇಳಿದ: ಸರ್, ಕೊನೆಗೆ ಆ ಮೂರು ತುಂಡನ್ನೂ ಸೇರಿಸಿ ಹೊಲಿದ ಹಾಗೆ ತೋರಿಸಿದರೆ? ಬೇಡ. ಅಣ್ಣತಮ್ಮಂದಿರು ಒಂದಾಗುತ್ತಾರೋ ಇಲ್ಲವೋ ಅನ್ನುವುದಕ್ಕೇ ಜನ ದಿನಾ ಬಂದು ಕೂರುವುದು. ಅದನ್ನು ಟೈಟಲಿನಲ್ಲಿ ಕೊಟ್ಟುಬಿಟ್ಟರೆ ಕೇಳಿ ಬಾರಿಸುವವನೇ ಎದ್ದು ಬಂದು ಪ್ರಸಂಗದ ಕೊನೆ ಹೇಳಿದ ಹಾಗೆ.

ಇನ್ನು ಕಾಲದ ಲೆಕ್ಕ. ನಿಮಗೆ ಕೊಟ್ಟಿರುವುದು 45 ಸೆಕೆಂಡು. ಬಹಳ ಜನ ಮೊದಲು ಶೂಟ್ ಮಾಡಿ ಆಮೇಲೆ ಸಂಗೀತ ಹುಡುಕುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೇಳಿ ಅಂದರೆ ಮೊದಲು ಕಿವಿಗೆ ಬೀಳಬೇಕು. ಟಿವಿ ಹಚ್ಚಿಟ್ಟು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೆ ನಿಮ್ಮ ಚಿತ್ರ ಕಾಣುವುದಿಲ್ಲ, ಸದ್ದು ಕೇಳುತ್ತದೆ. 1998ರಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದ ಹಾಡನ್ನು ನಿಮ್ಮ ಅಮ್ಮಂದಿರ ಹತ್ತಿರ ಕೇಳಿ ನೋಡಿ, ಈಗಲೂ ಹಾಡುತ್ತಾರೆ. ಟೈಟಲಿನಲ್ಲಿ ಯಾವ ಚಿತ್ರ ಇತ್ತು ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡುತ್ತಾರೆ.

‘ಅಳತೆ’ಗೆ ತಾಳ ಎಲ್ಲಿಂದ ಬರಬೇಕು? ಹೊಲಿಗೆ ಮಷೀನಿನಿಂದ. ಕಾಲಿನಲ್ಲಿ ತುಳಿಯುವ ಮಷೀನಿನ ಸದ್ದೇ ತಾಳ. ನಿಮಿಷಕ್ಕೆ 100 ಬೀಟ್, ಅಂದರೆ ತಾಳದ 100 ಪೆಟ್ಟು, ಇಟ್ಟುಕೊಳ್ಳಿ ಅಂತ ಹೇಳಿದ್ದೇನೆ. ಅದಕ್ಕೆ ಕಾರಣ ಇದೆ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ನಿಮಿಷಕ್ಕೆ 100 ಬೀಟ್ ಆದರೆ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್ ಬರುತ್ತದೆ, ಚೂರೂ ಹೆಚ್ಚುಕಮ್ಮಿ ಇಲ್ಲ. ನಾಲ್ಕು ಬೀಟಿನ ಒಂದು ಬಾರ್ ಎಂದರೆ 60 ಫ್ರೇಮ್, 2.4 ಸೆಕೆಂಡು. ಅಂಥ 18 ಬಾರ್ ಹಾಕಿದರೆ 43.2 ಸೆಕೆಂಡು. ಉಳಿದ 1.8 ಸೆಕೆಂಡಿನಲ್ಲಿ ಮಷೀನು ನಿಲ್ಲುವ ಸದ್ದು ಕರಗಲಿ.

ಆ 18 ಬಾರನ್ನು ಹಂಚಿಕೊಳ್ಳುವುದು ಸುಲಭ. ಮೊದಲ ಎರಡರಲ್ಲಿ ಹೆಸರು ಬೇಡ, ಸದ್ದು ಮತ್ತು ಬಟ್ಟೆ ಮಾತ್ರ. ಆಮೇಲೆ ಹನ್ನೆರಡು ಬಾರ್‌ಗಳಿಗೆ ಹನ್ನೆರಡು ಹೆಸರಿನ ಕಾರ್ಡು: ಕಲಾವಿದರು ಐದು ಜನ, ಆಮೇಲೆ ಕಥೆ, ಸಂಭಾಷಣೆ, ಸಂಗೀತ, ಛಾಯಾಗ್ರಹಣ, ಸಂಕಲನ, ನಿರ್ಮಾಣ, ಕೊನೆಗೆ ನಿರ್ದೇಶನ. ಉಳಿದ ನಾಲ್ಕು ಬಾರು ‘ಅಳತೆ’ ಬರೆಯುವುದಕ್ಕೆ ಮತ್ತು ಕತ್ತರಿಸುವುದಕ್ಕೆ. ಒಂದು ಹೆಸರನ್ನು ಬಾಯಿಬಿಟ್ಟು ನಿಧಾನವಾಗಿ ಓದಿ ನೋಡಿ. 2.4 ಸೆಕೆಂಡಿನಲ್ಲಿ ಆರಾಮಾಗಿ ಮುಗಿಯಬೇಕು. ಮುಗಿಯದಿದ್ದರೆ ಒಂದೇ ಕಾರ್ಡಿನಲ್ಲಿ ಜಾಸ್ತಿ ತುಂಬಿದ್ದೀರಿ ಎಂದರ್ಥ.

ಇದನ್ನೆಲ್ಲ ಶೂಟಿಗೆ ಮುಂಚೆ ಪರೀಕ್ಷೆ ಮಾಡಬಹುದು. ಪೆನ್ಸಿಲಿನಲ್ಲಿ ಬರೆದ ಚಿತ್ರಗಳ ಫೋಟೋ ತೆಗೆದು, ತಾಳದ ಮೇಲೆ ಜೋಡಿಸಿ, ಪ್ಲೇ ಮಾಡಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ. ಬೇಜಾರು ಬರುವ ಜಾಗ ಅಲ್ಲೇ ಗೊತ್ತಾಗುತ್ತದೆ. ಶೂಟಿಗೆ ಹೋದಾಗ ಫೋನನ್ನು 25 ಫ್ರೇಮಿಗೆ, ಷಟರನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ ಇಡುವುದನ್ನು ಮರೆಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಇಲ್ಲದಿದ್ದರೆ ಅಂಗಡಿಯ ಟ್ಯೂಬ್‌ಲೈಟು ವಿಡಿಯೋದಲ್ಲಿ ಪಟಪಟ ಮಿಣುಕುತ್ತದೆ.

ಈಗ ನನಗೆ ತುಂಬ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಅಕ್ಷರ.

ನಾನು ಎಡಿಟಿಂಗ್ ಕೆಲಸಕ್ಕೆ ಸೇರಿದ ಹೊಸತು. ಒಂದು ಧಾರಾವಾಹಿಯ ಟೈಟಲಿಗೆ ಹೆಸರು ಹಾಕುವ ಕೆಲಸ ನನ್ನದು. ಒಬ್ಬ ಹಿರಿಯ ಕಲಾವಿದರ ಹೆಸರಿನ ಕೊನೆಗೆ ‘ಮೂರ್ತಿ’ ಎಂದಿತ್ತು. ಆ ಕಂಪ್ಯೂಟರಿನಲ್ಲಿ ಅರ್ಕಾವತ್ತು ಕೂರಲಿಲ್ಲ. ರ್ ಒಂದು ಕಡೆ, ತಿ ಒಂದು ಕಡೆ ಒಡೆದು ನಿಂತಿತು. ರಾತ್ರಿ ಹೊತ್ತಾಗಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಪ್ರಸಾರವಾಯಿತು. ಮಾರನೇ ದಿನ ಅವರೇ ಫೋನ್ ಮಾಡಿದರು. ಬೈಯಲಿಲ್ಲ. “ಮಗಾ, ನಲವತ್ತು ವರ್ಷದಿಂದ ನಾಟಕ ಮಾಡ್ತಿದ್ದೀನಿ. ನನ್ನ ಹೆಸರು ಟಿವಿಯಲ್ಲಿ ಬಂದದ್ದು ಇದೇ ಮೊದಲು. ಮನೆಯವರೆಲ್ಲ ಕಾದು ಕೂತಿದ್ದೆವು ಕಣಪ್ಪ” ಅಂದರು. ಆವತ್ತಿನಿಂದ ಪ್ರತಿ ಹೆಸರನ್ನೂ ನಾನು ಗಟ್ಟಿಯಾಗಿ ಓದಿಯೇ ಮುಂದೆ ಹೋಗುತ್ತೇನೆ. ನೀವೂ ಹಾಗೇ ಮಾಡಿ. ಟೈಟಲ್ ನಿಮಗೆ ಕಲೆ ಇರಬಹುದು, ಆ 2.4 ಸೆಕೆಂಡು ಮಾತ್ರ ಆ ಹೆಸರಿನವರ ಸ್ವತ್ತು.

ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಆಟಗಳೆಲ್ಲ ಕನ್ನಡಕ್ಕೆ ಒಗ್ಗುವುದಿಲ್ಲ. ಟೈಪ್‌ರೈಟರ್ ಹಾಗೆ ಒಂದೊಂದೇ ಅಕ್ಷರ ಬರುವ ಎಫೆಕ್ಟ್ ನಿಮಗೆಲ್ಲ ಇಷ್ಟ. ‘ಶ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು ಚೂರು. ಹಾಗಾಗಿ ಮೊದಲು ಶ, ಆಮೇಲೆ ಶ್, ಆಮೇಲೆ ಶ್ರ, ಕೊನೆಗೆ ಶ್ರೀ ಅಂತ ತೆರೆಯ ಮೇಲೆ ತಡವರಿಸುತ್ತದೆ. ಅಕ್ಷರಗಳ ನಡುವೆ ಜಾಗ ಬಿಡಿಸುವ ಟ್ರ್ಯಾಕಿಂಗ್ ಇನ್ನೊಂದು. ಇಂಗ್ಲಿಷಿನಲ್ಲಿ ಅದು ಗಂಭೀರವಾಗಿ ಕಾಣುತ್ತದೆ. ಕನ್ನಡದಲ್ಲಿ ಜಾಸ್ತಿ ಮಾಡಿದರೆ ‘ಕೋ’ದ ದೀರ್ಘ ಪಕ್ಕದ ಅಕ್ಷರದ ಮನೆಗೆ ಹೋಗಿ ಕೂರುತ್ತದೆ. ಎಫೆಕ್ಟ್ ಬೇಕೇ ಬೇಕು ಅನಿಸಿದರೆ ಪೂರ್ತಿ ಪದಕ್ಕೆ ಕೊಡಿ. ಇಲ್ಲವೇ ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಪದರದಲ್ಲಿ ಇಟ್ಟು ಕೈಯಾರೆ ಸರಿಸಿ. ಎರಡು ಸಾಲು ಬಂದರೆ ನಡುವೆ ಧಾರಾಳವಾಗಿ ಜಾಗ ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ. ಎರಡೂ ಡಿಕ್ಕಿ ಹೊಡೆಯಬಾರದು. ಅಂಚಿಗೆ ಒತ್ತಿ ಹೆಸರು ಇಡಬೇಡಿ. ಮೂಲೆಯಲ್ಲಿ ಚಾನೆಲ್ಲಿನ ಲೋಗೋ ಬಂದು ಕೂರುತ್ತದೆ.

ಫಾಂಟ್ ಯಾವುದು ಸರ್ ಅಂತ ಕೇಳುತ್ತೀರಿ. ಬಾಲೂ ತಮ್ಮ, ತಿರೋ ಕನ್ನಡ, ನೋಟೋ ಸಾನ್ಸ್ ಕನ್ನಡ, ಇವೆಲ್ಲ ಪುಕ್ಕಟೆ ಸಿಗುತ್ತವೆ, ಬಳಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ‘ಅಳತೆ’ ಗುಂಪಿಗೆ ನಾನು ಫಾಂಟೇ ಬೇಡ ಎಂದೆ. ಹೆಸರುಗಳನ್ನೂ ಚಾಕಿನಲ್ಲೇ ಬಟ್ಟೆಯ ಮೇಲೆ ಬರೆಯಿರಿ. ನಿಮ್ಮಲ್ಲಿ ಒಬ್ಬರ ಕೈಬರಹವಾದರೂ ಚೆನ್ನಾಗಿರುತ್ತದೆ. ಒಂದು ಹೆಸರು ಓದಿ ಆದ ಮೇಲೆ ಕೈ ಬಂದು ಒರೆಸಲಿ, ಮುಂದಿನ ಹೆಸರು ಬರಲಿ. ಲಕ್ಷ್ಮಣರ ಗೆರೆಯಲ್ಲಿ ನಮಗೆ ಇಷ್ಟವಾದದ್ದೂ ಒಬ್ಬ ಮನುಷ್ಯನ ಕೈ ಕಾಣುತ್ತದೆ ಅನ್ನುವುದೇ ತಾನೇ.

ದುಡ್ಡಿಲ್ಲ ಸರ್ ಅನ್ನುವವರಿಗೆ ಒಂದು ಹಳೆಯ ಸಂಗತಿ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಟೈಟಲಿಗೆ ಬರ್ನಾರ್ಡ್ ಲಾಜ್ ಅವರು ಬಳಸಿದ್ದು ಒಂದು ಸರಳ ಉಪಾಯ. ಕ್ಯಾಮೆರಾವನ್ನು ಅದರದ್ದೇ ಚಿತ್ರ ತೋರಿಸುವ ಮಾನಿಟರಿನ ಕಡೆಗೆ ತಿರುಗಿಸಿದರೆ ಹೊಗೆಯಂಥ, ಸುರುಳಿಯಂಥ ಆಕಾರಗಳು ತಾವಾಗಿಯೇ ಹುಟ್ಟುತ್ತವೆ. ರಾಗ ರಾನ್ ಗ್ರೇನರ್ ಅವರದ್ದು. ಅದನ್ನು ಸದ್ದಾಗಿಸಿದವರು ಡೆಲಿಯಾ ಡರ್ಬಿಶೈರ್. ಸಂಗೀತದ ಸ್ವರ ಹುಟ್ಟಿಸುವ ಸಿಂಥಸೈಸರ್ ಯಂತ್ರ ಆಗ ಅವರ ಹತ್ತಿರ ಎಲ್ಲಿತ್ತು? ಒಂದೊಂದು ಸ್ವರವನ್ನೂ ಟೇಪಿನಲ್ಲಿ ದಾಖಲಿಸಿ, ಬೇಕಾದ ಉದ್ದಕ್ಕೆ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರು. ನಿಮ್ಮ ಕೈಯಲ್ಲಿರುವ ಫೋನು ಅವರ ಇಡೀ ಕೋಣೆಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸಂಗೀತದ ಹಕ್ಕಿನ ಬಗ್ಗೆ ಒಂದೇ ಮಾತು. ಸಿನಿಮಾ ಹಾಡು ಹಾಕಿಕೊಳ್ಳಬೇಡಿ. ವಚನ ಹಳೆಯದು, ಅದರ ಮೇಲೆ ಯಾರ ಹಕ್ಕೂ ಇಲ್ಲ. ಆದರೆ ಅದನ್ನು ಹಾಡಿದ ರೆಕಾರ್ಡಿಂಗಿಗೆ ನಮ್ಮ ಕಾನೂನಿನಲ್ಲಿ ಬಿಡುಗಡೆಯಾಗಿ 60 ವರ್ಷದವರೆಗೆ ಹಕ್ಕುದಾರರು ಇರುತ್ತಾರೆ. ನಿಮ್ಮ ಕ್ಲಾಸಿನಲ್ಲೇ ಹಾಡುವವರು ಇದ್ದಾರೆ, ಅವರಿಂದ ಹಾಡಿಸಿ.

ಕೊನೆಯ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: “ಈಗ ಎಲ್ಲರೂ ಸ್ಕಿಪ್ ಇಂಟ್ರೋ ಒತ್ತುತ್ತಾರೆ. ಇದೆಲ್ಲ ಯಾಕೆ ಬೇಕು?” ಒಳ್ಳೆಯ ಪ್ರಶ್ನೆ. ಟೈಟಲನ್ನು ಹಾರಿಸಿಬಿಡುವ ಆ ಬಟನ್ನನ್ನು ನೆಟ್‌ಫ್ಲಿಕ್ಸ್ ತಂದದ್ದು 2017ರಲ್ಲಿ. ದಿನಕ್ಕೆ 13.6 ಕೋಟಿ ಸಲ ಅದನ್ನು ಒತ್ತುತ್ತಾರೆ ಅಂತ 2022ರಲ್ಲಿ ಅವರೇ ಹೇಳಿದರು. ನಾನೂ ಎಷ್ಟೋ ಸಲ ಒತ್ತಿದ್ದೇನೆ. ಆದರೆ ಕೆಲವಕ್ಕೆ ಬೆರಳು ಹೋಗುವುದೇ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಟೈಟಲಿನಲ್ಲಿ ಬರುವ ನಕ್ಷೆಯನ್ನು ನಾನು ಒಂದು ಸಲವೂ ಬಿಟ್ಟಿಲ್ಲ. ಈ ಸಂಚಿಕೆಯಲ್ಲಿ ಯಾವ ಊರಿಗೆ ಹೋಗುತ್ತೇವೋ ಆ ಊರು ನಕ್ಷೆಯಲ್ಲಿ ಎದ್ದು ನಿಲ್ಲುತ್ತದೆ, ಹಾಗಾಗಿ ಪ್ರತಿ ಸಲ ನೋಡಲು ಹೊಸದೇನೋ ಇರುತ್ತದೆ. ‘ಅಳತೆ’ಯಲ್ಲೂ ಇದನ್ನು ಮಾಡಬಹುದು. ಅಳತೆ ಪುಸ್ತಕದ ಪುಟವನ್ನು ಪ್ರತಿ ಸಂಚಿಕೆಗೆ ಬದಲಾಯಿಸಿ. ಒಂದು ದಿನ ಮದುವೆಯ ಸೂಟಿನ ಅಳತೆ, ಒಂದು ದಿನ ಶಾಲೆಯ ಯೂನಿಫಾರಂ. ಒಂದು ದಿನ, ಅಪ್ಪನ ಕೈಬರಹದಲ್ಲಿ ಆ ಮೂವರು ಮಕ್ಕಳ ಚಿಕ್ಕಂದಿನ ಅಳತೆ.

ಈಗ ‘ಅಳತೆ’ ಗುಂಪಿನವರಿಗೆ ನಾಳೆಯ ಕೆಲಸ. ಕ್ಯಾಮೆರಾ ತಗೊಂಡು ಹೋಗಬೇಡಿ. ಬೆಳಿಗ್ಗೆ ಮಾವ ಷಟರ್ ಎತ್ತುವ ಹೊತ್ತಿಗೆ ಅಂಗಡಿಯ ಮುಂದೆ ಇರಿ. ಅವರ ಹತ್ತಿರ ಕೇಳಿಕೊಂಡು ಫ್ಯಾನ್ ಆರಿಸಿ. ಫೋನನ್ನು ಮೇಜಿನ ಮೇಲೆ, ಕತ್ತರಿಯಿಂದ ಒಂದು ಗೇಣು ದೂರದಲ್ಲಿ ಇಟ್ಟು ರೆಕಾರ್ಡ್ ಒತ್ತಿ. ಮೊದಲ ಬಟ್ಟೆ ಕತ್ತರಿಸಿ ಮುಗಿಯುವವರೆಗೆ ಯಾರೂ ಮಾತಾಡಬೇಡಿ. ಆ ಸದ್ದನ್ನು ಸೋಮವಾರ ಇಲ್ಲಿಗೆ ತನ್ನಿ, ಒಟ್ಟಿಗೆ ಕೂತು ಕೇಳೋಣ.